ಕೆರೆಯ ನೀರು, ಸಭೆಯ ಠರಾವು

1

ದಲಿತ ವಿಮರ್ಶೆ ಅಂದ ಕೂಡಲೇ ನಮ್ಮ ಕಣ್ಣು ಕತೆ, ಕವಿತೆ, ಆತ್ಮಕಥೆಗಳ ಕಡೆಗೇ ಹೋಗುತ್ತದೆ. ಹೋಗಬೇಕಾದದ್ದೇ. ಆದರೆ ದಲಿತರ ಬದುಕಿನ ಮೇಲೆ ಇವೆಲ್ಲಕ್ಕಿಂತ ನೇರವಾಗಿ ಕೈಯಾಡಿಸಿದ ಇನ್ನೊಂದು ಬಗೆಯ ಬರವಣಿಗೆ ಇದೆ. ಅದು ಪುರಸಭೆ, ತಾಲೂಕು ಬೋರ್ಡು, ಪಂಚಾಯ್ತಿಗಳ ನಡಾವಳಿ ಪುಸ್ತಕ. ಸೂಚಕರು ಇಂಥವರು, ಅನುಮೋದಕರು ಇಂಥವರು, ಕೊನೆಗೆ 'ಸರ್ವಾನುಮತದಿಂದ ಠರಾಯಿಸಲಾಯಿತು'. ಈ ಒಣ ವಾಕ್ಯವನ್ನು ನಾವ್ಯಾರೂ ಸಾಹಿತ್ಯ ಅಂತ ಓದುವುದಿಲ್ಲ. ಓದದೇ ಬಿಟ್ಟಿದ್ದರಿಂದ ಅದರೊಳಗಿನ ಯಜಮಾನಿಕೆ ಕಾಣದೇ ಉಳಿದಿದೆ. ಆ ಸಭೆಯಲ್ಲಿ ಕೂತವರು ಯಾರು? ಕೂತೂ ಬಾಯಿ ಬಿಡದವರು ಯಾರು? ಬಾಗಿಲ ಹೊರಗೇ ನಿಂತವರು ಯಾರು? 'ಠರಾಯಿಸಲಾಯಿತು' ಎಂಬ ಕ್ರಿಯಾಪದ ಈ ಮೂರೂ ಪ್ರಶ್ನೆಗಳನ್ನು ನುಂಗಿಕೊಂಡು ಕೂತಿದೆ.

ಈ ಲೇಖನದಲ್ಲಿ ನಾನು ಒಂದು ಪುರಸಭೆಯ ಎರಡು ಠರಾವುಗಳನ್ನು, ಅವುಗಳ ಎದುರಿಗೆ ಅಸ್ಪೃಶ್ಯರು ತಾವೇ ಕಟ್ಟಿಕೊಂಡ ಇನ್ನೊಂದು ಸಭೆಯನ್ನು ಇಟ್ಟು ನೋಡಬೇಕೆಂದಿದ್ದೇನೆ. ಪುರಸಭೆ ಮಹಾಡ್‌ನದು. ಮಹಾಡ್ ಸತ್ಯಾಗ್ರಹದ ಕತೆ ನಮ್ಮ ಕೇರಿಗಳಲ್ಲಿ ಎಲ್ಲರಿಗೂ ಗೊತ್ತು. ಬಾಬಾಸಾಹೇಬರು ಕೆರೆಗಿಳಿದು ನೀರು ಕುಡಿದರು, ಸವರ್ಣೀಯರು ಹೊಡೆದರು, ಮನುಸ್ಮೃತಿ ಸುಟ್ಟರು. ಈ ಮೂರು ಘಟನೆಗಳ ನಡುವೆ ಸಭೆಗಳ ಒಂದು ಚರಿತ್ರೆ ಇದೆ. ನಾವು ಹೇಳುವಾಗ ಅದನ್ನೇ ಬಿಟ್ಟುಬಿಡುತ್ತೇವೆ.

2

1923ರ ಆಗಸ್ಟ್ 4ರಂದು ಮುಂಬಯಿ ಶಾಸನ ಪರಿಷತ್ತಿನಲ್ಲಿ ಸೀತಾರಾಮ ಕೇಶವ ಬೋಲೆಯವರು ಒಂದು ಗೊತ್ತುವಳಿ ತಂದರು. ಸರ್ಕಾರಿ ಹಣದಲ್ಲಿ ಕಟ್ಟಿದ, ಅಥವಾ ಕಾನೂನಿನಿಂದ ಹುಟ್ಟಿದ ಸಂಸ್ಥೆಗಳು ನೋಡಿಕೊಳ್ಳುವ ಎಲ್ಲ ಕೆರೆ, ಬಾವಿ, ಧರ್ಮಶಾಲೆಗಳನ್ನು, ಜತೆಗೆ ಸಾರ್ವಜನಿಕ ಶಾಲೆ, ಕೋರ್ಟು, ಕಚೇರಿ, ದವಾಖಾನೆಗಳನ್ನು ಅಸ್ಪೃಶ್ಯರು ಬಳಸಲು ಬಿಡಬೇಕು ಎಂಬುದು ಅದರ ಸಾರ. ಪರಿಷತ್ತು ಒಪ್ಪಿತು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಇಲಾಖೆಗಳ ಮುಖ್ಯಸ್ಥರಿಗೆ ಇದನ್ನು ಜಾರಿಗೆ ತರಲು ಸೂಚಿಸಿತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಸೀಮೆಗಳು ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಹಾಗಾಗಿ ಇದು ಕನ್ನಡದ ಕೆರೆ ಬಾವಿಗಳ ಮಾತೂ ಹೌದು.

ಆದರೆ ಈ ಗೊತ್ತುವಳಿಯಲ್ಲಿ ಒಂದು ದೊಡ್ಡ ತೂತಿತ್ತು. ಸರ್ಕಾರ ತನ್ನ ಕಚೇರಿಗಳಿಗೆ ನೇರ ಆದೇಶ ಕೊಡಬಹುದಿತ್ತು. ಪುರಸಭೆ, ಲೋಕಲ್ ಬೋರ್ಡುಗಳ ಸ್ವತ್ತಾದ ಕೆರೆ ಬಾವಿಗಳ ವಿಷಯದಲ್ಲಿ ಮಾತ್ರ ಆಯಾ ಸ್ಥಳೀಯ ಸಭೆಯೇ ಮನಸ್ಸು ಮಾಡಬೇಕಿತ್ತು. ಆ ಸಭೆಗಳಲ್ಲಿ ಕೂತಿದ್ದವರು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸ್ಥಳೀಯ ಸ್ವಯಂ ಆಡಳಿತ ಎಂಬ ಚಂದದ ಮಾತಿನಲ್ಲಿರುವ 'ಸ್ವಯಂ' ಯಾರದು ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಬೋಲೆಯವರಿಗೂ ಇದು ಗೊತ್ತಾಯಿತು. 1926ರ ಆಗಸ್ಟ್‌ನಲ್ಲಿ ಅವರು ಮತ್ತೊಂದು ಗೊತ್ತುವಳಿ ತಂದು, ಪಾಲಿಸದ ಪುರಸಭೆ ಬೋರ್ಡುಗಳಿಗೆ ಅನುದಾನ ಕೊಡಬಾರದು ಎಂದರು. ಮನಸ್ಸು ಕರಗದಿದ್ದರೆ ಕಾಸು ಹಿಡಿಯಬೇಕು ಎಂಬ ಲೆಕ್ಕ ಅದು.

ಕೊಲಾಬಾ ಜಿಲ್ಲೆಯ ಮಹಾಡ್ ಪುರಸಭೆ ಮಾತ್ರ ಬೇಗ ಸ್ಪಂದಿಸಿತು. 1924ರ ಜನವರಿಯಲ್ಲಿಯೇ ಚವದಾರ್ ಕೆರೆ ಅಸ್ಪೃಶ್ಯರಿಗೂ ಮುಕ್ತ ಎಂದು ಠರಾಯಿಸಿತು. ಊರಿನ ನಡುವಿನ ಕೆರೆ ಅದು. ಮುಸಲ್ಮಾನರು ಬಳಸುತ್ತಿದ್ದರು, ದನಕರುಗಳು ಕುಡಿಯುತ್ತಿದ್ದವು. ಪೇಟೆಗೆ ಬಂದ ಮಹಾರರಿಗೆ, ಚಮ್ಮಾರರಿಗೆ ಮಾತ್ರ ಇರಲಿಲ್ಲ. ಠರಾವಾಯಿತು. ಮುಂದೆ? ಮುಂದೆ ಏನೂ ಆಗಲಿಲ್ಲ. ಮೂರು ವರ್ಷ ಒಬ್ಬ ಅಸ್ಪೃಶ್ಯನೂ ಆ ಕೆರೆಗೆ ಇಳಿಯಲಿಲ್ಲ.

ಈ ಮೂರು ವರ್ಷಗಳ ಮೌನವನ್ನು ನಾವು ಗಮನವಿಟ್ಟು ಓದಬೇಕು. ಠರಾವನ್ನು ಯಾರೂ ವಿರೋಧಿಸಲಿಲ್ಲ ಯಾಕಂದರೆ ವಿರೋಧಿಸುವ ಅಗತ್ಯವೇ ಇರಲಿಲ್ಲ. ಕಾಗದದ ಮೇಲೆ ಕೆರೆ ಎಲ್ಲರದು, ದಂಡೆಯ ಮೇಲೆ ಸವರ್ಣೀಯರದು. ಪುರಸಭೆಗೆ ಉದಾರತೆಯ ಹೆಸರೂ ಬಂತು, ಮಡಿಯೂ ಉಳಿಯಿತು. ದಲಿತರ ಪರವಾದ ಎಷ್ಟೋ ಆದೇಶಗಳು ಇಂದಿಗೂ ಹೀಗೆಯೇ ಬದುಕಿವೆ.

3

ಈಗ ಇನ್ನೊಂದು ಸಭೆಗೆ ಬರೋಣ. 1927ರ ಮಾರ್ಚ್ 19 ಮತ್ತು 20ರಂದು ಮಹಾಡ್‌ನಲ್ಲಿ ಕೊಲಾಬಾ ಜಿಲ್ಲಾ ಬಹಿಷ್ಕೃತ ಪರಿಷತ್ತು ಸೇರಿತು. ಅದಕ್ಕಾಗಿ ಓಡಾಡಿದವರು ಆ ಸೀಮೆಯವರೇ ಆದ ರಾಮಚಂದ್ರ ಬಾಬಾಜಿ ಮೋರೆ ಮತ್ತು ಅವರ ಗೆಳೆಯರು. ಅಧ್ಯಕ್ಷತೆ ಅಂಬೇಡ್ಕರರದು. ಪುರಸಭೆಯ ಅಧ್ಯಕ್ಷರಾಗಿದ್ದ ಸುರೇಂದ್ರನಾಥ ಟಿಪ್ನಿಸ್, ಅನಂತರಾವ್ ಚಿತ್ರೆ ಮುಂತಾದ ಸವರ್ಣ ಗೆಳೆಯರೂ ಜತೆಗಿದ್ದರು. ಹಳ್ಳಿಹಳ್ಳಿಗಳಿಂದ ಸಾವಿರಾರು ಜನ ಬಂದಿದ್ದರು.

ಈ ಪರಿಷತ್ತು ಬರೀ ಭಾಷಣದ ಜಾತ್ರೆ ಆಗಿರಲಿಲ್ಲ ಎಂಬುದು ಮುಖ್ಯ. ಅದಕ್ಕೆ ವಿಷಯ ನಿಯಾಮಕ ಸಮಿತಿ ಇತ್ತು. ರಾತ್ರಿ ಕೂತು ಏನೇನು ನಿರ್ಣಯ ಮಂಡಿಸಬೇಕು ಅಂತ ಚರ್ಚೆ ಮಾಡುತ್ತಿದ್ದರು. ಬೆಳಗ್ಗೆ ಬಯಲಲ್ಲಿ ಎಲ್ಲರ ಮುಂದೆ ಓದಿ, ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸಿ, ಜನರ ಒಪ್ಪಿಗೆ ಪಡೆಯುತ್ತಿದ್ದರು. ಪುರಸಭೆಯ ಕೋಣೆಯೊಳಗೆ ಯಾರಿಗೆ ಜಾಗವಿರಲಿಲ್ಲವೋ ಅವರೇ ಅದೇ ಪದ್ಧತಿಯನ್ನು ಬಯಲಿಗೆ ತಂದು, ಇನ್ನೂ ದೊಡ್ಡದು ಮಾಡಿ ನಡೆಸಿದರು. ಓದು ಬರಹ ಬಾರದ ಸಾವಿರಾರು ಜನ ಒಂದು ನೀತಿಯನ್ನು ಕೇಳಿ, ತೂಗಿ, ಕೈಯೆತ್ತಿ ತಮ್ಮದು ಮಾಡಿಕೊಳ್ಳುವ ಕಲಿಕೆ ಅದು. ಇದಕ್ಕೆ ಎರಡು ವರ್ಷ ಮೊದಲು, 1925ರ ಏಪ್ರಿಲ್‌ನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲೂ ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಬಹಿಷ್ಕೃತರ ಪ್ರಾಂತೀಯ ಪರಿಷತ್ತು ನಡೆದಿತ್ತು. ಚಳವಳಿಯ ಒಮ್ಮತ ಒಬ್ಬ ನಾಯಕನ ತಲೆಯಿಂದ ಇಳಿದದ್ದಲ್ಲ, ಇಂಥ ಪರಿಷತ್ತುಗಳ ಸರಣಿಯಿಂದ ಬಂದದ್ದು.

ಎರಡನೆಯ ದಿನ ವಂದನಾರ್ಪಣೆಗೆ ನಿಂತ ಚಿತ್ರೆಯವರು ಪುರಸಭೆಯ ಠರಾವನ್ನು ನೆನಪಿಸಿ, ಅದನ್ನು ಈಗಲೇ ಆಚರಣೆಗೆ ತರೋಣ ಎಂದರಂತೆ. ಮೆರವಣಿಗೆ ಹೊರಟಿತು. ಅಂಬೇಡ್ಕರರು ಕೆರೆಗಿಳಿದು ಬೊಗಸೆ ನೀರು ಕುಡಿದರು, ಜನರೂ ಕುಡಿದರು. ಇಲ್ಲಿ ಒಂದು ಮಾತು. ಅಂದು ದಲಿತರು ಯಾವ ಕಾನೂನನ್ನೂ ಮುರಿಯಲಿಲ್ಲ, ಪುರಸಭೆಯ ಠರಾವನ್ನು ಪಾಲಿಸಿದರು ಅಷ್ಟೆ. ಆ ಠರಾವಿಗೆ ಅರ್ಥ ಬಂದದ್ದೇ ಆ ಹೊತ್ತಿನಲ್ಲಿ. ಸಿಕ್ಕ ಪ್ರತಿಫಲ ಏನು ಅಂದರೆ, ವೀರೇಶ್ವರ ದೇವಸ್ಥಾನಕ್ಕೂ ನುಗ್ತಾರಂತೆ ಎಂಬ ಸುಳ್ಳು ಸುದ್ದಿ, ಚಪ್ಪರದಲ್ಲಿ ಉಣ್ಣುತ್ತಿದ್ದವರ ಮೇಲೆ ದೊಣ್ಣೆ. ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿದ 108 ಕೊಡ ನೀರು ಸುರಿದು ಕೆರೆಯನ್ನು ಶುದ್ಧ ಮಾಡಿದರು.

4

1927ರ ಆಗಸ್ಟ್ 4ರಂದು ಮಹಾಡ್ ಪುರಸಭೆ ತನ್ನ 1924ರ ಠರಾವನ್ನು ರದ್ದು ಮಾಡಿತು. ಬೋಲೆಯವರ ಗೊತ್ತುವಳಿಗೆ ಅಂದಿಗೆ ಸರಿಯಾಗಿ ನಾಲ್ಕು ವರ್ಷ. ಠರಾವು ಕಾಗದದ ಮೇಲೆ ಮಲಗಿದ್ದಷ್ಟು ದಿನ ಅದನ್ನು ಅಳಿಸುವ ಯೋಚನೆ ಬಂದಿರಲಿಲ್ಲ. ದಲಿತರು ಅದನ್ನು ಓದಿ, ನಂಬಿ, ನಡೆದು ತೋರಿಸಿದ ಮೇಲೆ ಅಳಿಸಬೇಕಾಯಿತು. ಹಕ್ಕು ಕೊಟ್ಟ ಸಭೆಯೇ, ಅದೇ ಕ್ರಮದಲ್ಲಿ ಕಿತ್ತುಕೊಂಡಿತು. ಎರಡೂ ಕಾರ್ಯಕ್ರಮಬದ್ಧ, ಎರಡೂ ನಿಯಮದ ಪ್ರಕಾರ. ಬಹುಮತವೇ ಪ್ರಜಾಪ್ರಭುತ್ವ ಅಂತ ನಂಬಿದವರು ಈ ಎರಡು ಠರಾವುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಬೇಕು. ಜಾತಿಯಿಂದ ಮೊದಲೇ ಗಟ್ಟಿಯಾಗಿರುವ ಬಹುಮತ ಚರ್ಚೆಯಿಂದ ಕರಗುವಂಥದ್ದಲ್ಲ. ಅದು ಸಭೆಗೆ ಬರುವ ಮೊದಲೇ ಸಭೆ ಮುಗಿಸಿರುತ್ತದೆ.

ಬಹಿಷ್ಕೃತರ ಪರಿಷತ್ತು ಮತ್ತೆ ಡಿಸೆಂಬರ್ 25ರಂದು ಸೇರಿತು. ಅಷ್ಟರಲ್ಲಿ ಸವರ್ಣೀಯರು ಕೋರ್ಟಿಗೆ ಹೋಗಿ, ಕೆರೆ ಸಾರ್ವಜನಿಕವಲ್ಲ ಎಂದು ವಾದಿಸಿ, ಡಿಸೆಂಬರ್ 14ರಂದು ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ಪರಿಷತ್ತಿಗೆ ಜಾಗ ಕೊಡಲು ಊರಿನ ಹಿಂದೂಗಳು ಒಪ್ಪಲಿಲ್ಲ. ಫತ್ತೇಖಾನ್ ಎಂಬ ಮುಸಲ್ಮಾನರು ತಮ್ಮ ಜಾಗ ಕೊಟ್ಟರು. ಅಂದು ರಾತ್ರಿ ಮನುಸ್ಮೃತಿಯನ್ನು ಸುಟ್ಟದ್ದು ಆವೇಶದಲ್ಲಿ ಆದದ್ದಲ್ಲ. ಅದೂ ಒಂದು ನಿರ್ಣಯ. ಸೂಚಿಸಿದವರು ಬ್ರಾಹ್ಮಣರಾಗಿದ್ದ ಸಹಸ್ರಬುದ್ಧೆ, ಅನುಮೋದಿಸಿದವರು ಅಸ್ಪೃಶ್ಯ ನಾಯಕ ರಾಜಭೋಜ್. ಬೆಂಕಿಗೂ ಸೂಚಕರು, ಅನುಮೋದಕರು ಇದ್ದರು!

ಮರುದಿನದ ಚರ್ಚೆ ಇನ್ನೂ ಕಷ್ಟದ್ದು. ತಡೆಯಾಜ್ಞೆ ಮುರಿದು ಕೆರೆಗೆ ಇಳಿಯಬೇಕೋ ಬೇಡವೋ? ಜನ ಇಳಿಯಬೇಕು ಅಂದರು. ಜೈಲಿಗೆ ಹೋಗಲು ಸಿದ್ಧ ಎಂದು ಸಾವಿರಾರು ಮಂದಿ ಹೆಸರು ಬರೆಸಿದರು. ಜಿಲ್ಲೆಯ ಕಲೆಕ್ಟರು ಪರಿಷತ್ತಿಗೇ ಬಂದು, ಕೋರ್ಟಿನ ತೀರ್ಪಿಗೆ ಕಾಯಿರಿ ಎಂದು ಮಾತಾಡಿದರು. ಕೊನೆಗೆ ಅಂಬೇಡ್ಕರರೇ ಜನರನ್ನು ಒಪ್ಪಿಸಿ ಸತ್ಯಾಗ್ರಹವನ್ನು ಮುಂದೂಡಿದರು. ಕೆರೆಯ ಸುತ್ತ ಮೌನವಾಗಿ ಮೆರವಣಿಗೆ ನಡೆಯಿತು.

ತರಗತಿಯಲ್ಲಿ ಈ ಪಾಠ ಬಂದಾಗ ವಿದ್ಯಾರ್ಥಿಗಳು ಸಿಟ್ಟಿನಿಂದಲೇ ಕೇಳ್ತಾರೆ: ಅಷ್ಟು ಜನ ಒಪ್ಪಿದ್ದನ್ನು ಒಬ್ಬರ ಮಾತಿಗೆ ಯಾಕೆ ಬಿಟ್ಟರು ಸಾರ್? ನ್ಯಾಯವಾದ ಪ್ರಶ್ನೆ. ಅಂದು ಪರಿಷತ್ತಿನ ಬಹುಮತ ಒಂದು ಕಡೆ, ನಾಯಕನ ವಿವೇಚನೆ ಇನ್ನೊಂದು ಕಡೆ ಇತ್ತು. ಬೀದಿಯಲ್ಲಿ ಸವರ್ಣೀಯರು, ಎದುರಿಗೆ ಸರ್ಕಾರ, ಎರಡೂ ಕಡೆ ಒಟ್ಟಿಗೆ ಕಾದಾಡುವ ಶಕ್ತಿ ಇದೆಯೇ ಎಂಬುದು ಅಂಬೇಡ್ಕರರ ಲೆಕ್ಕವಾಗಿತ್ತು. ನಾನು ಅವರ ನಿರ್ಧಾರವನ್ನು ಒಪ್ಪುತ್ತೇನೆ. ಆದರೆ ಒಪ್ಪುವ ಮೊದಲು ಆ ಸಾವಿರಾರು ಹೆಸರುಗಳನ್ನು ಮರೆಯಬಾರದು ಅಂತಲೂ ಹೇಳುತ್ತೇನೆ. ನಾಯಕ ತನ್ನ ಜನರ ತೀರ್ಮಾನವನ್ನು ಬದಲಿಸಬೇಕಾದರೆ ಅವರ ಎದುರಿಗೇ ನಿಂತು, ಕಾರಣ ಕೊಟ್ಟು ಕೇಳಬೇಕು. ಅಂದು ಹಾಗೆ ನಡೆಯಿತು. ಇಂದಿನ ನಮ್ಮ ಸಂಘಟನೆಗಳಲ್ಲಿ, ಒಡೆದು ಹೋಳಾದ ಬಣಗಳಲ್ಲಿ, ಎಷ್ಟು ತೀರ್ಮಾನಗಳು ಹೀಗೆ ಬಯಲಲ್ಲಿ ಆಗುತ್ತವೆ?

ಕೋರ್ಟಿನ ಹಾದಿ ಉದ್ದವಾಯಿತು. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು ಅಂತಿಮ ತೀರ್ಪು ಕೊಟ್ಟಿತು. ತೀರ್ಪು ಬರೆದ ಬ್ರೂಮ್‌ಫೀಲ್ಡ್ 1922ರಲ್ಲಿ ಗಾಂಧಿಯವರಿಗೆ ಶಿಕ್ಷೆ ವಿಧಿಸಿದ ನ್ಯಾಯಾಧೀಶರೇ. ಕೆರೆ ಪುರಸಭೆಯ ಸ್ವತ್ತು. ಅಸ್ಪೃಶ್ಯರನ್ನು ದೂರವಿಡುವ ರೂಢಿ ಕಾನೂನು ಒಪ್ಪುವಷ್ಟು ಅನಾದಿಕಾಲದ್ದು ಎಂದು ವಾದಿಗಳು ಸಾಬೀತು ಮಾಡಿಲ್ಲ ಎಂದಿತು ಕೋರ್ಟು. ದಲಿತರು ಗೆದ್ದರು. ಆದರೆ ಗೆದ್ದ ಕಾರಣ ನೋಡಿ. ಮನುಷ್ಯರು ಅಂತ ಗೆದ್ದದ್ದಲ್ಲ, ಎದುರಾಳಿಗಳ ಸಾಕ್ಷ್ಯ ಸಾಲದೆ ಗೆದ್ದದ್ದು. ಹಕ್ಕನ್ನು ಮನುಷ್ಯತ್ವದ ಮೇಲೆ ನಿಲ್ಲಿಸಲು ಸಂವಿಧಾನದ 17ನೇ ವಿಧಿಯವರೆಗೆ ಕಾಯಬೇಕಾಯಿತು.

5

ಮಹಾಡ್‌ನಲ್ಲಿ ಕಲಿತದ್ದನ್ನು ಅಂಬೇಡ್ಕರರು ಮರೆಯಲಿಲ್ಲ ಅಂತ ನನಗನ್ನಿಸುತ್ತದೆ. 1932ರ ಅಕ್ಟೋಬರ್‌ನಲ್ಲಿ ಗ್ರಾಮ ಪಂಚಾಯ್ತಿ ಮಸೂದೆ ಮುಂಬಯಿ ಪರಿಷತ್ತಿಗೆ ಬಂದಾಗ ಅವರು ಎದ್ದು ನಿಂತು ವಿರೋಧಿಸಿದರು. ವಯಸ್ಕರೆಲ್ಲರಿಗೂ ಮತ ಕೊಟ್ಟರೆ ಸಾಲದು, ಹಿಂದುಳಿದು ಚದುರಿಹೋದ ಅಸ್ಪೃಶ್ಯರಿಗೆ ಪಂಚಾಯ್ತಿಯಲ್ಲಿ ಪ್ರತ್ಯೇಕ ಪ್ರಾತಿನಿಧ್ಯ ಬೇಕು. ಜಾತಿಯಿಂದ ಒಡೆದ ಊರಿನ ಪಂಚರಿಗೆ ನ್ಯಾಯ ತೀರಿಸುವ ಅಧಿಕಾರ ಕೊಡಬಾರದು ಎಂದು ವಾದಿಸಿದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ಬಗ್ಗೆ ಅವರಾಡಿದ ಕಟುವಾದ ಮಾತುಗಳನ್ನು ಗ್ರಾಮ ಸ್ವರಾಜ್ಯದ ಭಕ್ತರು ಇಂದಿಗೂ ಕ್ಷಮಿಸಿಲ್ಲ. ಅದೇ ತಿಂಗಳು ಸಂತಾನಂ ಅವರ ತಿದ್ದುಪಡಿಯಿಂದ ಪಂಚಾಯ್ತಿ ನಿರ್ದೇಶಕ ತತ್ವಗಳೊಳಗೆ ಬಂತು. ಅಂಬೇಡ್ಕರರು ಅಡ್ಡಿ ಮಾಡಲಿಲ್ಲ. ಅವರ ಹಳ್ಳಿಯ ವಿಮರ್ಶೆಯನ್ನು ಪೇಟೆಯ ಮನುಷ್ಯನ ತಾತ್ಸಾರ ಅಂತ ಓದುವವರು, ಆ ಮಾತಿನ ಹಿಂದೆ ರದ್ದಾದ ಒಂದು ಠರಾವು ಇದೆ ಎಂಬುದನ್ನು ಮರೆಯುತ್ತಾರೆ.

1987ರಲ್ಲಿ ಕರ್ನಾಟಕದ ಜಿಲ್ಲಾ ಪರಿಷತ್, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆದಾಗ ಮಹಿಳೆಯರಿಗೆ, ಪರಿಶಿಷ್ಟರಿಗೆ ಮೀಸಲು ಸ್ಥಾನಗಳಿದ್ದವು. 1993ರಲ್ಲಿ 73ನೇ ತಿದ್ದುಪಡಿ ಇದನ್ನು ದೇಶಕ್ಕೆಲ್ಲ ವಿಸ್ತರಿಸಿತು, ಅಧ್ಯಕ್ಷ ಸ್ಥಾನಕ್ಕೂ ಮೀಸಲಾತಿ ಬಂತು. 1932ರಲ್ಲಿ ಕೇಳಿದ್ದರ ಒಂದು ಪಾಲು 60 ವರ್ಷಗಳ ಮೇಲೆ ಕೈಗೆ ಬಂದ ಹಾಗಾಯಿತು. ಬಂದದ್ದಕ್ಕೆ ಬೆಲೆಯನ್ನೂ ತೆತ್ತರು. ತಮಿಳುನಾಡಿನ ಮೇಲವಳವಿನಲ್ಲಿ ಮೀಸಲು ಸ್ಥಾನದಿಂದ ಗೆದ್ದ ಅಧ್ಯಕ್ಷ ಮುರುಗೇಶನ್ ಮತ್ತು ಜತೆಗಾರರನ್ನು 1997ರ ಜೂನ್ 30ರಂದು ಕೊಂದರು. ಅಲ್ಲಿಯದೇ ಪಾಪಾಪಟ್ಟಿ, ಕೀರಿಪಟ್ಟಿಗಳಲ್ಲಿ 1996ರಿಂದ 2006ರವರೆಗೆ ದಲಿತರೊಬ್ಬರು ಅಧ್ಯಕ್ಷರಾಗಿ ಕೂರಲು ಬಿಡಲಿಲ್ಲ.

ನಮ್ಮಲ್ಲಿ ಇಷ್ಟಿಲ್ಲ ಅಂತ ಸಮಾಧಾನ ಪಡಬೇಕಾಗಿಲ್ಲ. 1970ರ ದಶಕದ ಆರಂಭದಲ್ಲಿ ಅರಸು ಸಂಪುಟದಲ್ಲಿದ್ದ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆದೇಶ ಮಾಡಿದರು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಮನೆ ಬಿಡಿಸಲು ಹೊರಟ ಪುರಸಭೆಯ ಎದುರು ಮಲ ಸುರಿದುಕೊಂಡು ಪ್ರತಿಭಟಿಸಿದರು. ಊರನ್ನು ಚೊಕ್ಕಟ ಮಾಡಿದವರ ಮಾತು ಸಭೆಯ ಒಳಗೆ ಕೇಳಲಿಲ್ಲ. ಹೊರಗೆ ಹೀಗೆ ಕೇಳಿಸಬೇಕಾಯಿತು.

ಈ ಸಂಚಿಕೆಯ ಓದುಗರಲ್ಲಿ ಕಾರ್ಯಕರ್ತರಿದ್ದೀರಿ, ವಿದ್ಯಾರ್ಥಿಗಳಿದ್ದೀರಿ. ನಿಮ್ಮ ಪಂಚಾಯ್ತಿ, ಪುರಸಭೆಯ ನಡಾವಳಿ ಪುಸ್ತಕವನ್ನು ಕೇಳಿ ಪಡೆಯಿರಿ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಕೇರಿಯ ಬೀದಿದೀಪ, ಸ್ಮಶಾನದ ಜಾಗ, ನೀರಿನ ಟ್ಯಾಂಕು ಯಾವ ತಾರೀಖಿನಲ್ಲಿ ಠರಾವಾಯಿತು, ಯಾರು ಸೂಚಿಸಿದರು, ಆಮೇಲೆ ಏನಾಯಿತು ಅಂತ ಓದಿ ಬರೆಯಿರಿ. ಮೀಸಲು ಸ್ಥಾನದಿಂದ ಗೆದ್ದ ನಮ್ಮ ಅಕ್ಕನೋ ಅಣ್ಣನೋ ಬರೀ ಸಹಿಗೆ ಕೂತಿದ್ದಾರೋ ಮಾತಾಡಿದ್ದಾರೋ ನೋಡಿ. ಅವರು ಮಾತಾಡಬೇಕಾದರೆ ಸಭೆಯ ಹಿಂದಿನ ರಾತ್ರಿ ಕೇರಿಯಲ್ಲಿ ಇನ್ನೊಂದು ಸಭೆ ನಡೆದಿರಬೇಕು. ಮಹಾಡ್‌ನಲ್ಲಿ ಹಾಗೆ ನಡೆದಿತ್ತು.