ತೋಲ ಕಾಯುವ ಬಟ್ಟೆ: ಲಕ್ವಾ ನಂತರದ ಚಿಕಿತ್ಸೆಯಲ್ಲಿ ಜವಳಿಯ ಹಾದಿ

ಲಕ್ವಾ ಹೊಡೆದವರು ಎದ್ದು ನಿಂತ ಮೇಲೂ ಮೈಭಾರವನ್ನೆಲ್ಲ ಗಟ್ಟಿ ಕಾಲಿನ ಮೇಲೆ ಹಾಕುವುದೇ ಹೆಚ್ಚು. ಹಲವರಲ್ಲಿ ಸ್ನಾಯುವಿನ ಬಲದ ಜೊತೆಗೆ ಅಂಗಾಲು, ಕೀಲುಗಳ ಸಂವೇದನೆಯೂ ಕುಂದಿರುತ್ತದೆ; ಸೋತ ಕಾಲು ಎಷ್ಟು ಭಾರ ಹೊತ್ತಿದೆ ಎಂಬುದು ಅವರಿಗೇ ತಿಳಿಯುವುದಿಲ್ಲ. 1989ರಲ್ಲಿ ಪ್ರಕಟವಾದ ಬರ್ಗ್ ಮಾಪಕ ಕುಳಿತಲ್ಲಿಂದ ಏಳುವುದು, ನೆಲದ ಮೇಲಿನ ವಸ್ತು ಎತ್ತುವುದು, ಸುತ್ತ ತಿರುಗುವುದು ಮೊದಲಾದ 14 ಪರೀಕ್ಷೆಗಳಿಗೆ ಒಟ್ಟು 56 ಅಂಕ ಇಟ್ಟು ತೋಲವನ್ನು, ಅಂದರೆ ಮೈಯ ಸಮತೋಲನವನ್ನು, ಅಳೆಯಲು ದಾರಿ ಮಾಡಿತು. ಯಾವ ಕಾಲಿಗೆ ಎಷ್ಟು ಭಾರ ಬಿದ್ದಿದೆ ಎಂದು ಪರದೆಯ ಮೇಲೆ ತೋರಿಸುವ ಬಲಫಲಕಗಳೂ ಬಳಕೆಗೆ ಬಂದವು. ಆದರೆ ಈ ತರಬೇತಿ ಕುರಿತ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2004ರ ಕಾಕ್ರೇನ್ ವಿಮರ್ಶೆಗೆ ಕಂಡದ್ದು ಇಷ್ಟೇ: ನಿಲುವು ಸಮವಾಗುತ್ತದೆ, ಓಡಾಟದ ತೋಲವಾಗಲಿ ಸ್ವಾವಲಂಬನೆಯಾಗಲಿ ಸುಧಾರಿಸಿದ್ದು ಕಾಣುವುದಿಲ್ಲ. ಫಲಕದ ಮೇಲೆ ಕಲಿತದ್ದು ಫಲಕದಲ್ಲೇ ಉಳಿಯಿತು.

ಅಳತೆ ಮೈಯೊಂದಿಗೇ ಓಡಾಡಬೇಕು ಎಂಬ ಅಗತ್ಯಕ್ಕೆ ಜವಳಿ ಉತ್ತರವಾದದ್ದು ಬಳಸುದಾರಿಯಲ್ಲಿ. 1996ರಲ್ಲಿ ಅಮೆರಿಕದ ನೌಕಾಪಡೆಯ ಹಣದಿಂದ ಜಾರ್ಜಿಯಾ ಟೆಕ್‌ನಲ್ಲಿ ಸುಂದರೇಶನ್ ಜಯರಾಮನ್ ತಂಡ ಆರಂಭಿಸಿದ ಅಂಗಿಯ ಗುರಿ ಸೈನಿಕನಿಗೆ ಗುಂಡು ತಗುಲಿದ್ದನ್ನು ಪತ್ತೆ ಹಚ್ಚುವುದು. ಇಟಲಿಯ ಪೀಸಾದಲ್ಲಿ ಡ್ಯಾನಿಲೊ ಡಿ ರೊಸ್ಸಿ ತಂಡ ಬಟ್ಟೆಯನ್ನೇ ಸಂವೇದಕವಾಗಿಸಿತು: ಹಿಗ್ಗಿದಾಗ ವಿದ್ಯುತ್ ರೋಧ ಬದಲಾಗುವುದರಿಂದ ಮೊಣಕಾಲು ಎಷ್ಟು ಮಡಚಿತೆಂದು ತಿಳಿಯಬಹುದು. 2011ರಲ್ಲಿ ಶುರುವಾದ ಯುರೋಪಿನ 'ಇಂಟರಾಕ್ಷನ್' ಯೋಜನೆ ಇಂಥ ಉಡುಪನ್ನು ಲಕ್ವಾ ರೋಗಿಗಳ ದಿನಬಳಕೆಗೆ ಒಯ್ಯಲು ಹೊರಟಿತು. 2019ರಲ್ಲಿ ಅಮೆರಿಕದ ಅನುಮತಿ ಪಡೆದ 'ರಿಸ್ಟೋರ್' ಎಂಬ ಉಡುಪು ಅಳತೆಯನ್ನೂ ದಾಟಿತು. ಸೊಂಟದ ಮೋಟರು ಕೇಬಲ್ ಎಳೆದು ಹಿಮ್ಮಡಿಯ ನೂಕಿಗೂ ಪಾದದ ಮುಂಭಾಗ ಎತ್ತುವುದಕ್ಕೂ ನೆರವಾಗುತ್ತದೆ. ಅದರ ಬಳಕೆ ಮಾತ್ರ ಚಿಕಿತ್ಸಾಲಯದಲ್ಲಿ, ಫಿಸಿಯೋಥೆರಪಿಸ್ಟ್ ಎದುರಿಗೇ.

ಮನೆಯವರಿಗೇ ವ್ಯಾಯಾಮ ಕಲಿಸಿದರೆ ಸಾಲದೇ, ಬಟ್ಟೆಗೆ ತಂತಿ ಏಕೆ ಎಂದು ಕೇಳಬಹುದು. ಅದೂ ಪರೀಕ್ಷೆಯಾಗಿದೆ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ 'ಅಟೆಂಡ್' ಅಧ್ಯಯನದಲ್ಲಿ, ಮನೆಯವರು ನಡೆಸಿದ ಪುನಶ್ಚೇತನದಿಂದ ಸಾವು ಮತ್ತು ಪರಾವಲಂಬನೆ ತಗ್ಗಲಿಲ್ಲ. ಮನೆಯವರ ಕಾಳಜಿ ನಿರುಪಯುಕ್ತ ಎಂದು ಇದರ ಅರ್ಥವಲ್ಲ. ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ತಜ್ಞರಿಗೆ ಮುಟ್ಟಿ, ಅವರು ಅಭ್ಯಾಸವನ್ನು ತಿದ್ದುವ ವ್ಯವಸ್ಥೆಯೂ ಬೇಕು ಎಂದು ನಾನು ಓದಿಕೊಳ್ಳುತ್ತೇನೆ. ಜಾಣ ಬಟ್ಟೆಯ ನಿಜವಾದ ಕೆಲಸ ಆ ಕೊಂಡಿಯಾಗುವುದು. ಅಳತೆಯೇ ಚಿಕಿತ್ಸೆಯೆಂದು ಮಾರಿದರೆ ಬಲಫಲಕದ ಕಥೆ ಮರುಕಳಿಸುತ್ತದೆ.

ಬೆಳಗಾವಿ ಜಿಲ್ಲೆಯ ಹುಕ್ಕೇರಿ ಸೀಮೆಯ ಘೋಡಗೇರಿಯಂಥ ಊರನ್ನು ಎದುರಿಗಿಟ್ಟುಕೊಂಡರೆ ಈ ವಾದ ಇನ್ನಷ್ಟು ಬಿಗಿಯಾಗುತ್ತದೆ. ಗೋಕಾಕ ಫಾಲ್ಸ್‌ನ ಗಿರಣಿಯಿಂದಾಗಿ ನೂಲು ಈ ಭಾಗಕ್ಕೆ 19ನೇ ಶತಮಾನದಿಂದ ಪರಿಚಿತ. ಆದರೆ ಹತ್ತಿಯ ನೂಲಲ್ಲಿ ವಿದ್ಯುತ್ ಹರಿಯದು. ಬೆಳ್ಳಿ ಲೇಪಿಸಿದ ನೈಲಾನಿನಂಥ ಎಳೆ ಬೇಕು, ಬೆವರಿಗೂ ಕಲ್ಲಿನ ಮೇಲಿನ ಒಗೆತಕ್ಕೂ ಆ ಲೇಪ ಸವೆಯುತ್ತದೆ. ಹಿಮ್ಮಡಿಗೊಂದು, ಹೆಬ್ಬೆರಳ ಬುಡಕ್ಕೊಂದು ಒತ್ತಡದ ತುಣುಕು ಹೆಣೆದ ಕಾಲುಚೀಲ ವಿದೇಶದಲ್ಲಿ ಒಗ್ಗುತ್ತದೆ. ಬರಿಗಾಲಲ್ಲೇ ಹೊಸ್ತಿಲು ದಾಟಿ ಬಚ್ಚಲಿಗೆ ಹೋಗುವ ಮನೆಯಲ್ಲಿ ಅದೇ ಚೀಲ ಜಾರಿ ಬೀಳಲು ಕಾರಣವಾದೀತು. ಇಲ್ಲಿಗೆ ತಕ್ಕದ್ದು ಸೊಂಟಕ್ಕೋ ಮೊಣಕಾಲಿಗೋ ಕಟ್ಟುವ ಪಟ್ಟಿ. ಸಂವೇದಕ ಬಿಚ್ಚಿಟ್ಟು ಒಗೆಯುವಂತಿರಬೇಕು, ವರದಿ ಬೆಳಗಾವಿಯ ಫಿಸಿಯೋಥೆರಪಿಸ್ಟ್‌ಗೆ ಮುಟ್ಟಬೇಕು. ದುಬಾರಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಾಗಿ ಪಟ್ಟಿಯನ್ನು ರೋಗಿ ಕೊಳ್ಳುವುದಕ್ಕಿಂತ ಆಸ್ಪತ್ರೆ ಕೆಲ ವಾರ ಕೊಟ್ಟು ಹಿಂಪಡೆಯುವುದು ಲೇಸು. ಇನ್ನು ಮುಂದಿನ ಪ್ರಯೋಗಗಳು ಸಂವೇದಕದ ನಿಖರತೆಯನ್ನಷ್ಟೇ ವರದಿ ಮಾಡದೆ, ರೋಗಿ ಮನೆಯಲ್ಲಿ ಬೀಳುವುದು ಎಷ್ಟು ತಗ್ಗಿತು ಎಂಬುದರ ಲೆಕ್ಕವನ್ನೂ ಕೊಡಬೇಕು.