ಮನೋರಾಜ್ಯವೂ ಮಿದುಳಿನ ಸಹಜವ್ಯಾಪಾರವೂ

ಇಂದ್ರಿಯಗಳ ಮುಂದೆ ನಿಯತವಾದ ವಿಷಯವಾವುದೂ ಇಲ್ಲದಿರುವಾಗಲೂ ಮನಸ್ಸು ಸುಮ್ಮನಿರದೆ, ಕಳೆದುದನ್ನು ಸ್ಮರಿಸುತ್ತಲೂ ಬರಲಿರುವುದನ್ನು ಕಲ್ಪಿಸುತ್ತಲೂ ಇರುವುದು. ಈ ವ್ಯಾಪಾರಕ್ಕೆ ಸಂಸ್ಕೃತ ಗ್ರಂಥಕಾರರು ಮನೋರಾಜ್ಯವೆಂಬ ಹೆಸರನ್ನಿಟ್ಟಿರುವರು. ಇಂತಹ ಸಮಯದಲ್ಲಿ ಮಿದುಳಿನ ಯಾವ ಪ್ರದೇಶಗಳು ಹೆಚ್ಚಾಗಿ ಕೆಲಸಮಾಡುವುವೆಂಬುದನ್ನು ಪಾಶ್ಚಾತ್ಯ ಶಾಸ್ತ್ರಜ್ಞರು ಗುರುತಿಸಿ, ಆ ಪ್ರದೇಶಗಳ ಸಮೂಹವನ್ನು ಡೀಫಾಲ್ಟ್ ಮೋಡ್ ನೆಟ್‌ವರ್ಕ್ ಎಂದು ಕರೆದಿರುವರು. ಕನ್ನಡದಲ್ಲಿ ಇದನ್ನು ಸಹಜವ್ಯಾಪಾರಜಾಲವೆನ್ನಬಹುದು. ಇವೆರಡೂ ಒಂದೇ ಎಂದು ಸಾರುವುದು ಒಂದು ಪಕ್ಷ. ಇವುಗಳಿಗೆ ಯಾವ ಸಂಬಂಧವೂ ಇಲ್ಲವೆಂದು ತಳ್ಳಿಹಾಕುವುದು ಇನ್ನೊಂದು ಪಕ್ಷ. ಎರಡರ ಚರಿತ್ರೆಯನ್ನೂ ಪರ್ಯಾಲೋಚಿಸಿದರೆ ಈ ಎರಡು ಪಕ್ಷಗಳೂ ನಿಲ್ಲತಕ್ಕವಲ್ಲ.

ಹಂಪೆ, ಹೊಸಪೇಟೆ, ಕಂಪ್ಲಿ, ಮೆಟ್ರಿ ಮೊದಲಾದ ಊರುಗಳುಳ್ಳ ಸೀಮೆಯಲ್ಲಿ ವಿದ್ಯಾರಣ್ಯರ ಹೆಸರು ಇಂದಿಗೂ ಪೂಜ್ಯವಾದುದು. ಕ್ರಿ. ಶ. ೧೪ನೆಯ ಶತಮಾನದಲ್ಲಿ, ವಿಜಯನಗರ ರಾಜ್ಯದ ಆರಂಭಕಾಲದಲ್ಲಿದ್ದ ಈ ಯತಿಗಳ ಹೆಸರಿನಲ್ಲಿ ಪ್ರಸಿದ್ಧವಾದ ಪಂಚದಶಿಯಲ್ಲಿ ೧೫ ಪ್ರಕರಣಗಳಿರುವುವು. ಗ್ರಂಥದ ಕರ್ತೃತ್ವದಲ್ಲಿ ಭಾರತೀತೀರ್ಥರಿಗೂ ಭಾಗವುಂಟೆಂದು ಹೇಳುವುದುಂಟು. ಇದರ ನಾಲ್ಕನೆಯದಾದ ದ್ವೈತವಿವೇಕ ಪ್ರಕರಣದಲ್ಲಿ ಜಗತ್ತನ್ನು ಈಶ್ವರಸೃಷ್ಟವೆಂದೂ ಜೀವಸೃಷ್ಟವೆಂದೂ ವಿಭಾಗಿಸಿದೆ. ದೂರದೇಶದಲ್ಲಿರುವ ಮಗನು ಬದುಕಿದ್ದರೂ ಸತ್ತನೆಂದು ಸುಳ್ಳು ಹೇಳಿದರೆ ತಂದೆಯು ಅಳುವನು. ನಿಜವಾಗಿ ಸತ್ತಿದ್ದರೂ ಸುದ್ದಿ ತಲುಪದಿದ್ದರೆ ಅಳನು. ಆದಕಾರಣ ಬಂಧಕ್ಕೆ ಹೇತುವಾದುದು ಹೊರಗಿನ ವಸ್ತುವಲ್ಲ, ಮನಸ್ಸು ನಿರ್ಮಿಸಿದ ಪ್ರಪಂಚವೇ ಎಂಬುದು ಅಲ್ಲಿಯ ಯುಕ್ತಿ. ಮುಂದೆ ಅಶಾಸ್ತ್ರೀಯವಾದ ಜೀವದ್ವೈತವನ್ನು ತೀವ್ರ, ಮಂದ ಎಂದು ಎರಡಾಗಿ ಒಡೆದು, ಕಾಮಕ್ರೋಧಾದಿಗಳನ್ನು ತೀವ್ರದಲ್ಲಿಯೂ ಮನೋರಾಜ್ಯವನ್ನು ಮಂದದಲ್ಲಿಯೂ ಸೇರಿಸಿದೆ. ಕಾಮಾದಿಗಳನ್ನು ಬಿಟ್ಟರೆ ಸಾಲದೆ, ಮನೋರಾಜ್ಯದಿಂದ ಹಾನಿಯೇನು ಎಂಬ ಪೂರ್ವಪಕ್ಷವನ್ನು ತಾನೇ ಎತ್ತಿ, ಅದು ಸಕಲ ದೋಷಗಳಿಗೂ ಬೀಜವೆಂದು ಗ್ರಂಥವು ಉತ್ತರಕೊಡುವುದು. ಅದನ್ನು ಜಯಿಸಲು ಹೇಳಿದ ಉಪಾಯಗಳಲ್ಲಿ ಪ್ರಣವದ ದೀರ್ಘೋಚ್ಚಾರಣೆಯೂ ಒಂದು.

ಇನ್ನು ಪಾಶ್ಚಾತ್ಯರ ಮಾರ್ಗವು ಬೇರೆ ಕಡೆಯಿಂದ ಹೊರಟಿತು. ಜರ್ಮನಿಯ ಹಾನ್ಸ್ ಬರ್ಗರ್ ಎಂಬ ವೈದ್ಯನು ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ೧೯೨೪ರಲ್ಲಿ ದಾಖಲುಮಾಡಿ ೧೯೨೯ರಲ್ಲಿ ಪ್ರಕಟಿಸಿದನು. ಕಣ್ಣುಮುಚ್ಚಿ ಸುಮ್ಮನಿರುವವನ ಮಿದುಳಿನಲ್ಲಿಯೂ ತರಂಗಗಳು ನಿಲ್ಲುವುದಿಲ್ಲವೆಂಬುದು ಇದರಿಂದ ತಿಳಿಯಿತು. ೧೯೫೫ರಲ್ಲಿ ಲೂಯಿಸ್ ಸೊಕೊಲಾಫ್ ಮತ್ತು ಆತನ ಸಹೋದ್ಯೋಗಿಗಳು, ಮನಸ್ಸಿನಲ್ಲಿ ಲೆಕ್ಕಮಾಡುತ್ತಿರುವಾಗ ಮಿದುಳು ಒಟ್ಟಿನಲ್ಲಿ ಬಳಸುವ ಆಮ್ಲಜನಕವು ವಿಶ್ರಾಂತಿಯಲ್ಲಿರುವಾಗಿನದಕ್ಕಿಂತ ಹೆಚ್ಚಾಗುವುದಿಲ್ಲವೆಂದು ತೋರಿಸಿದರು. ದೇಹದ ತೂಕದಲ್ಲಿ ನೂರಕ್ಕೆ ಸುಮಾರು ೨ ಪಾಲಾದ ಮಿದುಳು ದೇಹದ ಶಕ್ತಿಯಲ್ಲಿ ನೂರಕ್ಕೆ ಸುಮಾರು ೨೦ ಪಾಲನ್ನು ವ್ಯಯಮಾಡುವುದು. ಸುಮ್ಮನಿದ್ದಾಗಲೂ ಈ ವ್ಯಯವು ಹೆಚ್ಚು ಕಡಮೆಯಾಗದಿರುವುದಕ್ಕೆ ಕಾರಣವೇನೆಂಬ ಪ್ರಶ್ನೆಯು ಹೀಗೆ ಹುಟ್ಟಿತು.

೧೯೯೫ರಲ್ಲಿ ಭಾರತ್ ಬಿಸ್ವಾಲ್ ಮೊದಲಾದವರು, ವಿಶ್ರಾಂತಿಯಲ್ಲಿರುವವನ ಮಿದುಳಿನಲ್ಲಿ ದೂರದೂರದ ಭಾಗಗಳು ಒಂದೇ ಲಯದಲ್ಲಿ ಏರಿಳಿಯುವುದನ್ನು ಕಾಂತೀಯ ಚಿತ್ರಣದಿಂದ ಕಂಡರು. ೧೯೯೭ರಲ್ಲಿ ಗಾರ್ಡನ್ ಶುಲ್ಮನ್ ಮತ್ತು ಸಂಗಡಿಗರು ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿ, ಯಾವ ಕೆಲಸವನ್ನು ಕೊಟ್ಟರೂ ಕೆಲವು ಪ್ರದೇಶಗಳ ವ್ಯಾಪಾರವು ತಗ್ಗುವುದೆಂದು ತಿಳಿಸಿದರು. ಅಮೆರಿಕೆಯ ಸೇಂಟ್ ಲೂಯಿಸ್ ನಗರದ ಮಾರ್ಕಸ್ ರೈಕಲ್ ಮತ್ತು ಸಹೋದ್ಯೋಗಿಗಳು ೨೦೦೧ರಲ್ಲಿ ಇದನ್ನೇ ಮಿದುಳಿನ ಸಹಜಸ್ಥಿತಿಯೆಂದು ನಿರೂಪಿಸಿದರು. ಆತ್ಮಸಂಬಂಧವಾದ ಚಿಂತೆ, ಸ್ಮೃತಿ, ಭವಿಷ್ಯತ್ಕಲ್ಪನೆ, ಪರರ ಮನಸ್ಸಿನ ಊಹೆ ಇವು ಆ ಪ್ರದೇಶಗಳಿಗೆ ಸೇರಿದುವೆಂದು ಮುಂದಿನ ಸಂಶೋಧನೆಗಳು ತೋರಿಸಿದುವು. ೨೦೧೦ರಲ್ಲಿ ಕಿಲಿಂಗ್ಸ್‌ವರ್ತ್, ಗಿಲ್ಬರ್ಟ್ ಎಂಬಿಬ್ಬರು ೨,೨೫೦ ಮಂದಿ ವಯಸ್ಕರನ್ನು ಆಗಾಗ ಪ್ರಶ್ನಿಸಿ, ಉತ್ತರಗಳಲ್ಲಿ ನೂರಕ್ಕೆ ೪೬.೯ರಷ್ಟರಲ್ಲಿ ಮನಸ್ಸು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಅಲೆಯುತ್ತಿತ್ತೆಂದೂ, ಹಾಗೆ ಅಲೆಯುವಾಗ ಸುಖವು ಕಡಮೆಯೆಂದೂ ಪ್ರಕಟಿಸಿದರು. ಜಡ್ಸನ್ ಬ್ರೂವರ್ ಮೊದಲಾದವರು ೨೦೧೧ರಲ್ಲಿ, ಧ್ಯಾನಾಭ್ಯಾಸವುಳ್ಳವರಲ್ಲಿ ಈ ಜಾಲದ ಮುಖ್ಯಭಾಗಗಳು ಧ್ಯಾನಕಾಲದಲ್ಲಿ ಶಾಂತವಾಗಿರುವುದನ್ನು ಕಂಡರು.

ಕರ್ನಾಟಕದಲ್ಲಿ ನಡೆದ ಒಂದು ಪ್ರಯೋಗವು ಇಲ್ಲಿ ವಿಚಾರಾರ್ಹವಾದುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು ೧೨ ಮಂದಿ ಆರೋಗ್ಯವಂತರಿಂದ ಓಂಕಾರವನ್ನು ಉಚ್ಚರಿಸುವಂತೆ ಮಾಡಿಸಿ, ಮಿದುಳನ್ನು ಕಾಂತೀಯ ಚಿತ್ರಣದಿಂದ ಪರೀಕ್ಷಿಸಿ, ಫಲವನ್ನು ೨೦೧೧ರಲ್ಲಿ ಪ್ರಕಟಿಸಿದರು. ಭಾವ ಮತ್ತು ಸ್ಮೃತಿಗಳಿಗೆ ಸಂಬಂಧಪಟ್ಟ ಹಲವು ಭಾಗಗಳ ವ್ಯಾಪಾರವು ಓಂಕಾರದಿಂದ ತಗ್ಗಿತು; ಹೋಲಿಕೆಗಾಗಿ ಮಾಡಿಸಿದ ಬರಿಯ ಸಕಾರಧ್ವನಿಯಿಂದ ಹಾಗೆ ತಗ್ಗಲಿಲ್ಲ. ಪಂಚದಶಿಯ ಉಪಾಯವನ್ನು ಬಲ್ಲವರಿಗೆ ಇದು ಸಂತೋಷಕರವೇ ಸರಿ. ಆದರೆ ಆ ಪ್ರಯೋಗವು ಕೆಲವೇ ಮಂದಿಯ ಮೇಲೆ ನಡೆದ ಪ್ರಾರಂಭಿಕ ಪರೀಕ್ಷೆ, ಸಹಜವ್ಯಾಪಾರಜಾಲವನ್ನೇ ಉದ್ದೇಶಿಸಿದುದಲ್ಲ, ಮನೋರಾಜ್ಯವು ಜಿತವಾಯಿತೇ ಎಂಬುದನ್ನು ಅಳೆದುದೂ ಅಲ್ಲ. ಆದುದರಿಂದ ಇದನ್ನು ಶಾಸ್ತ್ರಕ್ಕೆ ಪ್ರಮಾಣವೆಂದು ಎತ್ತಿ ಹಿಡಿಯುವುದು ಶಾಸ್ತ್ರಕ್ಕೂ ಪ್ರಯೋಗಕ್ಕೂ ಮಾಡುವ ಅನ್ಯಾಯ.

ಉಭಯರ ದೃಷ್ಟಿಯಲ್ಲಿರುವ ಭೇದವು ಸ್ಫುಟವಾಗಿದೆ. ಪಂಚದಶಿಯು ಮುಮುಕ್ಷುವಿಗಾಗಿ ಹೊರಟುದು. ಅವನಿಗೆ ಮನೋರಾಜ್ಯವು ತ್ಯಾಜ್ಯ. ಮಿದುಳಿನ ಶಾಸ್ತ್ರಜ್ಞರಿಗಾದರೋ ಅದು ಪರೀಕ್ಷಿಸತಕ್ಕ ವಸ್ತು. ಅದು ದುಃಖಕ್ಕೆ ದಾರಿಯಾಗುವುದನ್ನು ಕಂಡಂತೆಯೇ, ಮುಂದಾಲೋಚನೆಗೆ ಅದರಿಂದಾಗುವ ಉಪಕಾರವನ್ನೂ ಅವರು ಒಪ್ಪಿರುವರು. ಮಿದುಳಿನ ಪ್ರದೇಶಗಳನ್ನು ಪ್ರಾಚೀನರು ಹೇಳಲಿಲ್ಲ, ಹೇಳುವುದು ಅವರ ಉದ್ದೇಶವೂ ಅಲ್ಲ. ಆದಾಗ್ಯೂ, ಕೆಲಸವಿಲ್ಲದ ಮನಸ್ಸು ನಿಷ್ಕ್ರಿಯವಲ್ಲ, ಅದರ ಆ ವ್ಯಾಪಾರವು ವಿಚಾರಕ್ಕೆ ಯೋಗ್ಯವಾದುದು ಎಂಬುದನ್ನು ಗ್ರಹಿಸಿ, ಅದನ್ನು ಕಾಮಕ್ರೋಧಗಳಿಂದ ಬೇರ್ಪಡಿಸಿ ಹೆಸರಿಟ್ಟುದು ಸಣ್ಣ ಸಾಧನೆಯಲ್ಲ. ಆದಕಾರಣ ಮನಸ್ಸಿನ ವ್ಯಾಪಾರಕ್ಕೆ ಮನೋರಾಜ್ಯವೆಂಬ ಶಬ್ದವನ್ನೂ, ಮಿದುಳಿನ ಪ್ರದೇಶಗಳಿಗೆ ಸಹಜವ್ಯಾಪಾರಜಾಲವೆಂಬ ಶಬ್ದವನ್ನೂ ಬೇರೆಬೇರೆಯಾಗಿ ಉಪಯೋಗಿಸುವುದು ಯುಕ್ತ. ಪಾಠಹೇಳುವವರು ಈ ವಿವೇಕವನ್ನು ಕಾಪಾಡಿಕೊಂಡರೆ ಹಳೆಯ ಶಬ್ದಕ್ಕೆ ಗೌರವವೂ ಹೊಸ ಅರಿವಿಗೆ ನ್ಯಾಯವೂ ಏಕಕಾಲದಲ್ಲಿ ಸಲ್ಲುವುವು.