ಶ್ರಾಯದ ವರುಷಗಳು

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬಂದ ಯಾತ್ರಿಕರಲ್ಲಿ ಬಹುಮಂದಿ, ವಿಂಧ್ಯಗಿರಿಯನ್ನೇರಿ ಗೊಮ್ಮಟನನ್ನು ದರ್ಶಿಸಿ ಇಳಿದ ಮೇಲೆ, ಊರೊಳಗಿರುವ ನಗರ ಜಿನಾಲಯವೆಂಬ ಚಿಕ್ಕ ಗುಡಿಯತ್ತ ಕಣ್ಣು ಹಾಯಿಸದೆಯೇ ಹಿಂದಿರುಗುವರು. ಶಿಲ್ಪವೈಭವವಿಲ್ಲದ ಆ ಗುಡಿಯನ್ನು 1195ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ಬಲ್ಲಾಳನ ಮಂತ್ರಿಯೂ ಪಟ್ಟಣಸ್ವಾಮಿಯೂ ಆಗಿದ್ದ ನಾಗದೇವ. ಅದನ್ನು ನಡೆಸಿಕೊಂಡು ಬಂದವರು ಊರಿನ ನಕರ, ಅಂದರೆ ವರ್ತಕರ ಸಮೂಹ. ಯಾವ ಅಧಿಕಾರಿಯ ಬಲವಂತಕ್ಕೂ ಒಳಗಾಗದೆ, ತಾವು ತಾವೇ ಕೂಡಿ ಒಡಂಬಟ್ಟು, ತಮ್ಮ ವ್ಯಾಪಾರದ ಆದಾಯದಲ್ಲಿ ಒಂದಂಶವನ್ನು ಗುಡಿಯ ಜೀರ್ಣೋದ್ಧಾರಕ್ಕೆ ಎತ್ತಿಟ್ಟ ಆ ವರ್ತಕರ ಏರ್ಪಾಡು, ಹಾಸನ ಸೀಮೆಯ ವಾಣಿಜ್ಯದ ಚರಿತ್ರೆಯಲ್ಲಿ ಬೆಟ್ಟದ ಮೇಲಿನ ಮಹಾಮೂರ್ತಿಗಿಂತ ಕಡಮೆ ಗಣ್ಯವಾದುದಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಕೂಟಕ್ಕೆ ಸೇರಿದವನು ಕೊಡುತ್ತಿದ್ದಂತೆಯೇ ಪಡೆಯುತ್ತಲೂ ಇದ್ದನು. ಹೇರೆತ್ತುಗಳನ್ನು ಒಬ್ಬನೇ ಹೊಡೆದುಕೊಂಡು ಕಳ್ಳಕಾಕರ ದಾರಿಯಲ್ಲಿ ನಡೆಯುವ ಬಡ ವರ್ತಕನಿಗೆ ಕಾವಲಿನ ವೆಚ್ಚವೇ ಲಾಭವನ್ನು ನುಂಗುವಂತಹುದು. ಅಯ್ಯಾವೊಳೆಯ ಐನೂರ್ವರಂತಹ ಮಹಾಸಂಘಗಳ ಆಶ್ರಯದಲ್ಲಿ ಹೊರಟವನಿಗಾದರೋ ಸಂಘದ ಭಟರ ರಕ್ಷಣೆಯೂ ಪರಸ್ಥಳದಲ್ಲಿ ನಂಬಿಕೆಯೂ ಕೂಡಿಯೇ ಒದಗುತ್ತಿದ್ದುವು.

ಸಂಘದ ಬಲದೊಡನೆ ಅರಸರ ರಿಯಾಯಿತಿಯೊಂದೂ ಇದ್ದಿತು. ಹೊಸದಾಗಿ ಸಂತೆಯನ್ನೋ ಪೇಟೆಯನ್ನೋ ಕಟ್ಟುವಾಗ, ಅದಕ್ಕೆ ಮುಂದಾದ ಪಟ್ಟಣಸ್ವಾಮಿಗೆ ಮಾನ್ಯದ ಭೂಮಿಯನ್ನೂ, ಬಂದು ನೆಲಸಿದ ವರ್ತಕರಿಗೂ ನೇಕಾರರಿಗೂ ಆರಂಭದ ಕೆಲವು ಕಾಲ ತೆರಿಗೆಯ ವಿನಾಯಿತಿಯನ್ನೂ ಕೊಡುವ ಪದ್ಧತಿ ಕನ್ನಡನಾಡಿನ ಶಾಸನಗಳಲ್ಲಿ ಕಾಣುತ್ತದೆ. ಮೈಸೂರು ಸಂಸ್ಥಾನದ ಕಂದಾಯದ ವ್ಯವಹಾರದಲ್ಲಿ ಇದೇ ನೀತಿ ಶ್ರಾಯವೆಂಬ ಹೆಸರನ್ನು ಪಡೆಯಿತು: ಬೀಳುಭೂಮಿಯನ್ನು ಹಿಡಿದ ರೈತನು ಮೊದಲಲ್ಲಿ ಅತ್ಯಲ್ಪವನ್ನು ಕೊಟ್ಟು, ವರುಷದಿಂದ ವರುಷಕ್ಕೆ ಮೊತ್ತವನ್ನು ಏರಿಸುತ್ತ, ಗೊತ್ತಾದ ಅವಧಿಯ ಕೊನೆಗೆ ಪೂರ್ಣ ಕಂದಾಯಕ್ಕೆ ಬರುವನು. ಇದು ದಾನವಾಗಿರಲಿಲ್ಲ. ಸರಕಾರಕ್ಕೆ ಬೇಕಾದುದು ನೆಲೆನಿಂತ ಒಕ್ಕಲು. ರೈತನಿಗೆ ಬೇಕಾದುದು ನೆಲದ ಗುಣವನ್ನು ಪರೀಕ್ಷಿಸಲು ಕಾಲಾವಕಾಶ. ಯಾವ ವರುಷ ಎಷ್ಟು ಕೊಡಬೇಕೆಂಬುದು ಮೊದಲೇ ಗೊತ್ತಾಗಿರುತ್ತಿದ್ದುದರಿಂದ, ಅವಧಿ ಮುಗಿಯುವ ದಿನವನ್ನು ಇಬ್ಬರೂ ಬಲ್ಲವರಾಗಿದ್ದರು. ಇಂದು ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಅಂಗಡಿಕಾರನ ಮುಂದೆ, ಬಿಲ್ಲು ಬರೆಯುವ ತಂತ್ರಾಂಶವನ್ನು ಮೊದಲ ತಿಂಗಳು ಉಚಿತವೆಂದು ತಂದಿಟ್ಟು, ತಿಂಗಳು ತುಂಬಿದೊಡನೆ ಅವನ ಖಾತೆಯಿಂದ ಹಣ ತಾನಾಗಿಯೇ ಕಳೆಯುವಂತೆ ಒಪ್ಪಿಗೆ ಪಡೆಯುವವರಿದ್ದಾರೆ. ಆ ಕೊನೆಯ ದಿನವನ್ನು ಅಂಗಡಿಕಾರನು ತನ್ನ ಖಾತೆಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಡಬೇಕೆಂದು ನಾನು ಕಳಕಳಿಯಿಂದ ಹೇಳಬಯಸುತ್ತೇನೆ.

ಉಚಿತವೆನಿಸಿಕೊಂಡುದರ ವೆಚ್ಚವನ್ನು ಯಾರೋ ಹೊರಲೇಬೇಕಷ್ಟೆ. 1903ರ ಕಾಯಿದೆಯಂತೆ ಚಹದ ರಫ್ತಿನ ಮೇಲೆ ಹಾಕಿದ ತೆರಿಗೆಯ ಹಣದಿಂದ, ಮುಂದೆ ಜಾತ್ರೆಗಳಲ್ಲಿಯೂ ರೈಲು ನಿಲ್ದಾಣಗಳಲ್ಲಿಯೂ ಜನರಿಗೆ ಚಹದ ರುಚಿ ಹತ್ತಿಸುವ ಪ್ರಚಾರ ನಡೆಯಿತು. ಕಾಫಿಗೆ ಅಂತಹುದೇ ಕಾಯಿದೆಯಾದುದು 1935ರಲ್ಲಿ. ಸಕಲೇಶಪುರದ ಕಡೆಯ ತೋಟಗಾರರಂತಹ ಬೆಳೆಗಾರರ ಫಸಲಿನಿಂದ ಬಂದ ಹಣವೇ ಆ ಪಾನೀಯದ ಪ್ರಚಾರಕ್ಕೆ ಆಧಾರವಾಯಿತು. ಅದರ ಫಲವನ್ನು ಉಂಡವರಲ್ಲಿ ಪೇಟೆ ಪೇಟೆಗಳ ಸಣ್ಣ ಹೋಟೆಲಿನವರೂ ಇದ್ದರು.

ಆದರೆ ರಿಯಾಯಿತಿಗಿಂತ ಸದಸ್ಯತ್ವವೇ ಹೆಚ್ಚು ಬಾಳುವ ಉಪಾಯವೆಂಬುದನ್ನು ಇಪ್ಪತ್ತನೆಯ ಶತಮಾನ ತೋರಿಸಿಕೊಟ್ಟಿತು. 1905ರ ಮೇ ತಿಂಗಳಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿದರು. ಮೈಸೂರು ಸಂಸ್ಥಾನವೂ ಅದೇ ವರುಷ ಸಹಕಾರ ಸಂಘಗಳ ಕಾಯಿದೆಯನ್ನು ಮಾಡಿತು. ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಕೈಗಾರಿಕಾ ಇಲಾಖೆಯೂ 1916ರಲ್ಲಿ ಮೈಸೂರು ವಾಣಿಜ್ಯ ಮಂಡಲಿಯೂ ಹುಟ್ಟಿದುವು. ಇಲಾಖೆಯವರು ಹಗ್ಗ ಎಳೆದರೆ ಲಾಳಿ ಹಾರುವ ಮಗ್ಗವನ್ನು ನೇಕಾರರ ಎದುರಿನಲ್ಲಿಯೇ ನಡೆಸಿ ತೋರಿಸುವ ಕ್ರಮವನ್ನು ಕೈಕೊಂಡುದರಿಂದ, ಹಣ ಹಾಕುವ ಮೊದಲು ಕಣ್ಣಾರೆ ನೋಡಿ ನಿರ್ಣಯಿಸುವ ಸೌಲಭ್ಯ ಬಡ ಕಸುಬುದಾರನಿಗೆ ದೊರೆಯಿತು.

ಹೊಳೆನರಸೀಪುರದ, ಅರಕಲಗೂಡಿನ ನೇಕಾರನ ಕಷ್ಟ ನೂಲಿನ ಬೆಲೆಯಲ್ಲಿದ್ದಿತು. ಹಿತ್ತಾಳೆಯ ಪಾತ್ರೆಗಳಿಗೆ ಹೆಸರಾಗಿದ್ದ ಶ್ರವಣಬೆಳಗೊಳದ ಕುಶಲಕರ್ಮಿಯ ಕಷ್ಟ ಲೋಹದ ಬೆಲೆಯಲ್ಲಿದ್ದಿತು. ಮೈಸೂರಿನಿಂದ ಅರಸೀಕೆರೆಗೆ ಹೋಗುವ ರೈಲುಮಾರ್ಗ ಹೊಳೆನರಸೀಪುರವನ್ನೂ ಹಾಸನವನ್ನೂ ಮುಟ್ಟಿ, ಅರಕಲಗೂಡನ್ನೂ ಚನ್ನರಾಯಪಟ್ಟಣವನ್ನೂ ಬದಿಗೆ ಬಿಟ್ಟುದರಿಂದ, ಈ ಎರಡು ಪೇಟೆಗಳ ಅಂಗಡಿಗಳಿಗೆ ಗಾಡಿಯ ಬಾಡಿಗೆ ಮೇಲೆ ಬಿದ್ದಿತು. ಬಿಡಿಬಿಡಿಯಾಗಿ ಕೊಳ್ಳುವವನು ದಲ್ಲಾಳಿಯ ಲಾಭವನ್ನೂ ಸಾಲದ ಬಡ್ಡಿಯನ್ನೂ ಸೇರಿಸಿ ತೆರಬೇಕು. ಹತ್ತು ಮನೆಗಳು ಕೂಡಿ ಒಂದು ಹೊರೆ ತರಿಸಿದರೆ ಎರಡೂ ಇಳಿಯುವುವು. ಷೇರಿನ ಸಣ್ಣ ಹಣವನ್ನು ಕಟ್ಟಿ ಸಂಘವನ್ನು ಸೇರುವುದರ ಅರ್ಥ ಇಷ್ಟೇ. ಎಷ್ಟು ಷೇರು ಹೊಂದಿದ್ದರೂ ಸದಸ್ಯನಿಗೆ ಒಂದೇ ಮತವೆಂಬ ನಿಯಮ ಬಡವನ ಮಾತಿಗೂ ಅಲ್ಲಿ ಬೆಲೆ ತಂದಿತು.

ಈ ಸದಸ್ಯತ್ವ ಹಗುರವಾದುದೇನೂ ಆಗಿರಲಿಲ್ಲ. ಭಾರತದ 1904ರ ಕಾಯಿದೆಯಂತೆ ಗ್ರಾಮೀಣ ಸಂಘಗಳ ಹೊಣೆ ಅಪರಿಮಿತವಾದುದು: ಒಬ್ಬನು ಸಾಲ ತೀರಿಸದೆ ಸಂಘ ಮುಗ್ಗರಿಸಿದರೆ ಉಳಿದವರೆಲ್ಲ ತಮ್ಮ ಆಸ್ತಿಯಿಂದ ಉತ್ತರ ಹೇಳಬೇಕು. ಆದುದರಿಂದಲೇ ಅಂತಹ ಸಂಘಕ್ಕೆ ಅರ್ಜಿ ಹಾಕಿದವನ ಹೊಲವನ್ನೂ ಕಸುಬನ್ನೂ ನಡತೆಯನ್ನೂ ವಿಚಾರಿಸುವ ಕರ್ತವ್ಯ ದೂರದ ಅಧಿಕಾರಿಗಿಂತ ಮೊದಲು ಅವನ ನೆರೆಹೊರೆಯವರದೇ ಆಗಿದ್ದಿತು.